ಗದ್ದೆಯಲ್ಲಿ ಮದುವೆ ಮಾಡಿಸಿದ ಮಾಸ್ಟ್ರು

ಮದುವೆಗೆ ಚಪ್ಪರ ಹಾಕುವ ಮೊದಲು ಗದ್ದೆಯಲ್ಲಿ ಸುಣ್ಣದ ಗೆರೆ ಎಳೆಸಿದವರನ್ನು ನಾನು ಕಂಡದ್ದು ಅವರೊಬ್ಬರನ್ನೇ. ಇಲ್ಲಿ ಮಂಟಪ, ಇಲ್ಲಿ ಊಟದ ಸಾಲು, ಇಲ್ಲಿಂದ ಅಲ್ಲಿಯವರೆಗೆ ಗಾಲಿಕುರ್ಚಿಯ ದಾರಿ ಎಂದು ಕಬಡ್ಡಿ ಅಂಕಣ ಬರೆದ ಹಾಗೆ ಬರೆದರು. ಆಮೇಲೆ ಸೊಂಟಕ್ಕೆ ಕೈ ಕೊಟ್ಟು ನಿಂತು, “ಒಮ್ಮೆ ನಡೆದು ನೋಡುವಾ” ಎಂದು ನಮ್ಮನ್ನೆಲ್ಲ ಆ ಗೆರೆಗಳ ಮೇಲೆ ನಡೆಸಿದರು. ಮದುವೆ ನನ್ನ ತಮ್ಮ ಸುಧಾಕರನದ್ದು. ಅವರು ನಮಗೆ ಯಾವ ರೀತಿಯಲ್ಲೂ ಸಂಬಂಧಿಕರಲ್ಲ. ಕಾಪುವಿನಲ್ಲಿ ನಾವು ಓದಿದ ಹೈಸ್ಕೂಲಿನ ಪಿ.ಟಿ. ಮಾಸ್ಟ್ರು, ಆಗಷ್ಟೇ ನಿವೃತ್ತರಾಗಿದ್ದವರು.

ಕಳೆದ ಮಳೆಗಾಲದ ಆಟಿ ತಿಂಗಳಲ್ಲಿ ಅವರು ತೀರಿಕೊಂಡ ಸುದ್ದಿ ಬಂದಾಗ ನಾನು ಉಡುಪಿಯಲ್ಲಿ, ನಾನು ಕೆಲಸ ಮಾಡುವ ಸಹಕಾರಿ ಸಂಘದ ಕೌಂಟರಿನಲ್ಲಿ ಕೂತಿದ್ದೆ. ನನ್ನ ಮುಖ ನೋಡಿ ಪಕ್ಕದ ಕೌಂಟರಿನವಳು, “ಯಾರು, ಹತ್ತಿರದವರಾ?” ಎಂದು ಕೇಳಿದಳು. “ಪಿ.ಟಿ. ಮಾಸ್ಟ್ರು” ಎಂದೆ. ಅವಳು ತಲೆ ಆಡಿಸಿ ತನ್ನ ಕೆಲಸಕ್ಕೆ ತಿರುಗಿದಳು. ಅವಳದ್ದೇನೂ ತಪ್ಪಿಲ್ಲ. ಆದರೆ ಅಷ್ಟರಲ್ಲಿ ಮುಗಿಯುವ ಮನುಷ್ಯ ಅವರಾಗಿರಲಿಲ್ಲ.

ಗಿಡ್ಡ ದೇಹ, ಬಿಸಿಲಿಗೆ ಸುಟ್ಟ ಕುತ್ತಿಗೆ, ಕಾಲಿಗೆ ಯಾವಾಗಲೂ ಬಿಳಿ ಕ್ಯಾನ್ವಾಸ್ ಶೂ. ಮೈದಾನದ ಆ ತುದಿಯವರೆಗೆ ಕೇಳಬೇಕಾದ ಸ್ವರ ಅವರದ್ದು. ಅದನ್ನು ತಗ್ಗಿಸಲು ಅವರಿಗೆ ಕೊನೆವರೆಗೂ ಬರಲಿಲ್ಲ. ಬಸ್ಸಿನಲ್ಲಿ ಹೆಂಡತಿಯ ಹತ್ತಿರ ಮನೆಯ ಗುಟ್ಟು ಮಾತಾಡಿದರೆ ಕಂಡಕ್ಟರನೂ ತನ್ನದೊಂದು ಅಭಿಪ್ರಾಯ ಹೇಳುತ್ತಿದ್ದನಂತೆ. ಅವರ ಮನೆಮಾತೂ ನಮ್ಮ ಹಾಗೆ ತುಳುವೇ. ಆದರೆ ಶಾಲೆಯ ಗೇಟಿನೊಳಗೆ ಕನ್ನಡ ಎಂಬ ನಿಯಮವನ್ನು ಅವರು ಗೇಟಿನ ಹೊರಗೂ ಬಿಡಲಿಲ್ಲ. ಹಳೆ ವಿದ್ಯಾರ್ಥಿಗಳು ಮೀನು ಮಾರ್ಕೆಟ್ಟಿನಲ್ಲಿ ಎದುರಾದರೂ ಅವರ ಜೊತೆ ಕನ್ನಡವೇ.

ಶಾಲೆಯಲ್ಲಿ ಅವರ ಸಿಟ್ಟಿಗೆ ಹೆದರದವರಿಲ್ಲ. ಶೂ ಹಾಕದೆ ಬಂದವರು, ಸಾಲು ತಪ್ಪಿಸಿದವರು, ಪೆಟ್ಟಾಯಿತೆಂದು ಸುಳ್ಳು ಹೇಳಿದವರು ಎಲ್ಲರೂ ಅವರಿಂದ ಬೈಗುಳ ತಿಂದವರೇ. ಹೆಡ್‌ಮಾಸ್ಟ್ರು ಎದುರಿಗಿದ್ದರೂ ಆ ಬಾಯಿ ನಿಲ್ಲುತ್ತಿರಲಿಲ್ಲ. ಆದರೆ ಕ್ರೀಡಾಕೂಟದ ದಿನ ಅವರದೊಂದು ಪದ್ಧತಿ ಇತ್ತು. ಓಟದಲ್ಲಿ ಎಲ್ಲರಿಗಿಂತ ಹಿಂದೆ ಬಿದ್ದ ಹುಡುಗನ ಹಿಂದೆ ಅವರು ಓಡುತ್ತಿದ್ದರು, ಪ್ಯಾಂಟು ಶರ್ಟಿನಲ್ಲೇ, ಏದುಸಿರು ಬಿಡುತ್ತ. ಹಾಗಾಗಿ ನಮ್ಮ ಶಾಲೆಯಲ್ಲಿ ಎಲ್ಲ ಓಟದಲ್ಲೂ ಕೊನೆಗೆ ಬಂದವರು ಮಾಸ್ಟ್ರೇ. ಅವರು ಯಾಕೆ ಹಾಗೆ ಓಡುತ್ತಾರೆಂದು ನಮಗೆ ಆಗ ಹೊಳೆದಿರಲಿಲ್ಲ. ಮಾಸ್ಟ್ರಿಗೆ ಓಡಲು ಬರುವುದಿಲ್ಲವೆಂದು ನಗುತ್ತಿದ್ದೆವು.

ಸುಧಾಕರ ಅವರ ಕಬಡ್ಡಿ ತಂಡದ ಹುಡುಗ. ಶಾಲೆ ಬಿಟ್ಟ ಮೇಲೂ ಊರಿನ ತಂಡಕ್ಕೆ ಆಡುತ್ತಿದ್ದ. ತೊಂಬತ್ತರ ದಶಕದ ಕೊನೆಯಲ್ಲಿ ಒಂದು ಮಳೆಗಾಲದ ಸಂಜೆ, ಪಡುಬಿದ್ರಿಯಿಂದ ಬರುವಾಗ ಹೆದ್ದಾರಿಯಲ್ಲಿ ಬೈಕು ಜಾರಿ ಬೆನ್ನುಮೂಳೆಗೆ ಪೆಟ್ಟಾಯಿತು. ಸೊಂಟದ ಕೆಳಗೆ ಮತ್ತೆ ಚಲನೆ ಬರಲಿಲ್ಲ. ಮಣಿಪಾಲದ ಆಸ್ಪತ್ರೆಯಲ್ಲಿ ಅವನು ತಿಂಗಳುಗಟ್ಟಲೆ ಗೋಡೆ ನೋಡುತ್ತ ಮಲಗಿದ್ದ. ನೋಡಲು ಬಂದವರು ಕಿತ್ತಳೆ ಹಣ್ಣು ತಂದು, ತಲೆ ನೇವರಿಸಿ, ಹೊರಗೆ ಹೋಗಿ ಅಮ್ಮನ ಹತ್ತಿರ ಅಳುತ್ತಿದ್ದರು. ಮಾಸ್ಟ್ರು ಬಂದದ್ದು ಒಂದು ರಬ್ಬರ್ ಚೆಂಡು ಹಿಡಿದುಕೊಂಡು. ಮಂಚದ ಕಾಲಬುಡದಲ್ಲಿ ನಿಂತು, “ಹಿಡಿ” ಎಂದು ಎಸೆದರು. ಸುಧಾಕರ ಕೈ ಎತ್ತಲಿಲ್ಲ. ಚೆಂಡು ಅವನ ಎದೆಗೆ ಬಡಿದು ಕೆಳಗೆ ಉರುಳಿತು. ಮಾಸ್ಟ್ರು ಬಗ್ಗಿ ಮಂಚದ ಅಡಿಯಿಂದ ಹೆಕ್ಕಿ ತಂದು ಮತ್ತೆ ಎಸೆದರು. ಮತ್ತೆ ಬಿತ್ತು, ಮತ್ತೆ ಹೆಕ್ಕಿದರು. ನರ್ಸ್ ಬಂದು, “ಇದೆಂತ ಸರ್, ಇದು ವಾರ್ಡ್” ಎಂದು ಗದರಿಸಿದಳು. ಅಷ್ಟರಲ್ಲಿ ಸುಧಾಕರನಿಗೆ ತಡೆಯಲಾರದ ಸಿಟ್ಟು ಬಂದು, ಬಂದ ಚೆಂಡನ್ನು ಗಬಕ್ಕನೆ ಹಿಡಿದು ಅವರ ಮುಖಕ್ಕೇ ಎಸೆದ. ಮಾಸ್ಟ್ರ ಕನ್ನಡಕ ಬಿದ್ದು ಒಂದು ಗಾಜು ಒಡೆಯಿತು.

“ಕೈ ಚೆನ್ನಾಗಿ ಉಂಟು ಇವನಿಗೆ” ಎಂದು ಅವರು ನನ್ನ ಕಡೆ ತಿರುಗಿ ಹೇಳಿದರು. ಆ ಮೇಲೆ ಪ್ರತಿ ಭಾನುವಾರ ಬಂದರು.

ಕೆಲವು ವರ್ಷಗಳ ನಂತರ ಸುಧಾಕರ ಕಾಪು ಪೇಟೆಯಲ್ಲಿ ಒಂದು ಎಸ್‌ಟಿಡಿ ಬೂತು ಹಾಕಿದ. ಮನೆಯಿಂದ ಬೂತಿಗೆ ಗಾಲಿಕುರ್ಚಿಯಲ್ಲಿ ಒಬ್ಬನೇ ಹೋಗಿ ಬರುತ್ತಿದ್ದ. ಅಲ್ಲಿಗೆ ಸಂಜೆ ಫೋನು ಮಾಡಲು ಬರುತ್ತಿದ್ದವಳು ಪ್ರಮೀಳಾ. ಕಾರ್ಕಳದ ಹುಡುಗಿ, ಕಾಪುವಿನ ಒಂದು ನರ್ಸರಿ ಶಾಲೆಯಲ್ಲಿ ಟೀಚರ್. ಅವಳ ಮನೆಯಲ್ಲಿ ಫೋನು ಎತ್ತುತ್ತಿದ್ದದ್ದು ಯಾವಾಗಲೂ ಅವಳ ಅಜ್ಜಿ. ಅಜ್ಜಿಗೆ ಕಣ್ಣು ಕಾಣುವುದಿಲ್ಲ. ಫೋನಿನ ಹತ್ತಿರವೇ ಅವರ ಮಂಚ. ನಂಬರು ಒತ್ತಿ ಮೊದಲು ಮಾತಾಡುತ್ತಿದ್ದದ್ದು ಸುಧಾಕರ. “ಅಜ್ಜಿ, ಪ್ರಮೀಳಾ ಬಂದಿದ್ದಾರೆ, ಕೊಡ್ತೇನೆ” ಎಂಬ ಮಾತು ಕ್ರಮೇಣ, “ಅಜ್ಜಿ, ಮೊಣಕಾಲು ನೋವು ಹೇಗುಂಟು?” ಎಂಬಲ್ಲಿಗೆ ಬಂದಿತ್ತು. ಹಾಗಾಗಿ ಆ ಮನೆಯಲ್ಲಿ ನಮ್ಮ ಸುಧಾಕರನ ಪರಿಚಯ ಎಲ್ಲರಿಗಿಂತ ಮೊದಲು ಆದದ್ದು ಅಜ್ಜಿಗೆ.

ಪ್ರಮೀಳಾ ಮದುವೆಯ ಮಾತೆತ್ತಿದಾಗ ಅವಳ ಅಪ್ಪ ಊಟ ಬಿಟ್ಟರಂತೆ. ಅಜ್ಜಿ ಮಂಚದಿಂದಲೇ ಮಗನಿಗೆ ಹೇಳಿದರಂತೆ: “ನಾನು ಅವನ ಕಾಲೂ ನೋಡಿಲ್ಲ, ನಿನ್ನ ಕಾಲೂ ನೋಡದೆ ಎಷ್ಟು ಕಾಲವಾಯ್ತು. ಸ್ವರ ಕೇಳಿದ್ದೇನೆ. ಒಳ್ಳೆಯ ಹುಡುಗ.”

ಅಪ್ಪ ಒಪ್ಪಿದರು, ಆದರೆ ಅರ್ಧ ಮನಸ್ಸಿನಿಂದ. ಯಾವುದಾದರೂ ದೇವಸ್ಥಾನದಲ್ಲಿ ಹತ್ತು ಜನರ ಎದುರು ಬೆಳಿಗ್ಗೆ ಬೇಗ ಮುಗಿಸುವಾ ಎಂದರು. ಜನರ ಕಣ್ಣಿಗೆ ಬೀಳದ ಹಾಗೆ ಎಂಬುದನ್ನು ಅವರು ಹೇಳಲಿಲ್ಲ, ನಮಗೆ ಅರ್ಥವಾಯಿತು. ಸುಧಾಕರನಿಗೂ ಅರ್ಥವಾಯಿತು. ಎಲ್ಲರನ್ನೂ ಕರೆದೇ ಮಾಡುವಾ ಎಂದು ಹಟ ಹಿಡಿದ. ಅವನನ್ನು ಕರೆದುಕೊಂಡು ನಾನು ಒಂದು ಮದುವೆ ಹಾಲ್ ನೋಡಲು ಹೋದೆ. ವೇದಿಕೆಗೆ ಮೆಟ್ಟಿಲು. ಊಟದ ಕೋಣೆ ಮಾಳಿಗೆಯಲ್ಲಿ.

“ಅದೆಂತ ದೊಡ್ಡ ವಿಷಯವಾ?” ಎಂದ ಹಾಲ್ ನೋಡಿಕೊಳ್ಳುವವನು, ಒಳ್ಳೆಯ ಮನಸ್ಸಿನಿಂದಲೇ. “ನಾಲ್ಕು ಜನ ಗಟ್ಟಿ ಹುಡುಗರು ಕುರ್ಚಿ ಸಮೇತ ಎತ್ತಿ ಮೇಲೆ ಇಟ್ಟರಾಯ್ತು. ಊಟಕ್ಕೆ ಬೇಕಾದರೆ ಕೆಳಗೇ ಒಂದು ಎಲೆ ಹಾಕಿಸುವಾ.”

ಮನೆಗೆ ಬಂದ ಮೇಲೆ ಸುಧಾಕರ ಅಂಗಳದಲ್ಲಿ ಕುರ್ಚಿ ನಿಲ್ಲಿಸಿ ಹೇಳಿದ: “ಅಕ್ಕ, ದಿನಾ ನಾನು ಒಬ್ಬನೇ ಹೋಗ್ತೇನೆ, ಒಬ್ಬನೇ ಬರ್ತೇನೆ. ಮದುವೆಯ ದಿವಸ ಮಾತ್ರ ನನ್ನನ್ನು ಅಕ್ಕಿಮುಡಿಯ ಹಾಗೆ ಎತ್ತಿ ಇಡುವುದಾದರೆ ಈ ಮದುವೆ ಬೇಡ. ಪ್ರಮೀಳಾಗೆ ನಾನೇ ಹೇಳ್ತೇನೆ.”

ಮಾರನೆಯ ದಿನ ನಾನು ಕೆಮ್ಮಣ್ಣಿಗೆ, ಮಾಸ್ಟ್ರ ಮನೆಗೆ ಹೋದೆ. ಅವರು ಹಿತ್ತಲಿನಲ್ಲಿ ತೆಂಗಿನ ಬುಡ ಬಿಡಿಸುತ್ತಿದ್ದರು. ನಾನು ಹೇಳುತ್ತ ಹೇಳುತ್ತ ಅತ್ತೆ.

“ಅವನು ಹೇಳಿದ್ದು ಸರಿಯೇ ಉಂಟಲ್ಲ, ನೀನು ಎಂತಕ್ಕೆ ಅಳುವುದು?” ಎಂದರು ಮಾಸ್ಟ್ರು, ನೆರೆಕರೆಗೆಲ್ಲ ಕೇಳುವ ಹಾಗೆ.

“ಹಾಲ್ ಇಲ್ಲದೆ ಮದುವೆ ಎಲ್ಲಿ ಮಾಡುವುದು ಸರ್?”

“ಹಾಲ್ ಬರುವ ಮೊದಲು ನಿನ್ನ ಅಪ್ಪನ ಮದುವೆ ಎಲ್ಲಿ ಆದದ್ದು ಮಾರಾಯ್ತಿ?”

“ಅಂಗಳದಲ್ಲಿ. ಆದರೆ ಈಗ ನಮ್ಮ ಅಂಗಳ ಸಣ್ಣದು.”

“ಅಂಗಳದ ಆಚೆ ಎಂತ ಉಂಟು?”

ಅಂಗಳದ ಆಚೆ ನೆರೆಮನೆಯ ಲಾರೆನ್ಸಣ್ಣನ ಗದ್ದೆ ಇತ್ತು. ಮಾಸ್ಟ್ರು ಆ ಸಂಜೆಯೇ ಸೈಕಲ್ಲಿನಲ್ಲಿ ಬಂದು ಅದರ ಅಂಚಿನಲ್ಲಿ ನಿಂತರು. ಮಳೆಗಾಲದ ಏಣೆಲು ಬೆಳೆಯ ಕೊಯ್ಲು ಮುಗಿದು ಗದ್ದೆಯಲ್ಲಿ ಬರೀ ಕೂಳೆ ಉಳಿದಿತ್ತು. ಲಾರೆನ್ಸಣ್ಣ ಸುಧಾಕರನನ್ನು ಎತ್ತಿ ಆಡಿಸಿದವನು, ಇಲ್ಲ ಎನ್ನಲಾರ. ಆದರೂ ತಲೆ ಕೆರೆದುಕೊಂಡ.

“ಗದ್ದೆ ಖಾಲಿ ಉಂಟು ಮಾಸ್ಟ್ರೇ, ಧಾರಾಳ ಮಾಡಿ. ಆದರೆ ನನಗೆ ಆ ಮೇಲೆ ಉದ್ದು ಬಿತ್ತಲಿಕ್ಕುಂಟು. ಕಳೆದ ವರ್ಷ ನಮ್ಮ ಬಂಧುಗಳ ಒಂದು ಕಾರ್ಯಕ್ರಮಕ್ಕೆ ಆಚೆ ಗದ್ದೆ ಕೊಟ್ಟಿದ್ದೆ. ಇವತ್ತಿಗೂ ಹೂಡುವಾಗ ಪ್ಲಾಸ್ಟಿಕ್ ಲೋಟ ಏಳ್ತದೆ.”

“ಒಂದು ಲೋಟ ಬಿದ್ದರೂ ನನ್ನ ಹೆಸರು ಹಿಡಿದು ಬೈ” ಎಂದರು ಮಾಸ್ಟ್ರು. ಮದುವೆಯ ಉಳಿದ ಕಟ್ಟಳೆಗಳೆಲ್ಲ ಅವತ್ತು ಆ ಗದ್ದೆಯ ಅಂಚಿನಲ್ಲಿ ಕೊಟ್ಟ ಈ ಒಂದು ಮಾತಿನಿಂದ ಹುಟ್ಟಿದವು. ಅಡಕೆ ಮರದ ಕಂಬ, ತೆಂಗಿನ ಮಡಲಿನ ಚಪ್ಪರ, ಬಾಳೆಲೆ ಊಟ. ಲೋಟಕ್ಕೆ ಲಾರೆನ್ಸಣ್ಣನ ಇಗರ್ಜಿಯಿಂದ ಸ್ಟೀಲಿನವು. ಪರಿಸರ ಗಿರಿಸರ ಎಂಬ ಮಾತು ಮಾಸ್ಟ್ರ ಬಾಯಲ್ಲಿ ನಾನು ಕೇಳಿದ್ದೇ ಇಲ್ಲ. ಅವರಿಗಿದ್ದದ್ದು ಲಾರೆನ್ಸಣ್ಣನ ಉದ್ದಿನ ಚಿಂತೆ.

ನಮಗಿದ್ದ ದೊಡ್ಡ ಕಷ್ಟ ರಸ್ತೆಯಿಂದ ಗದ್ದೆಗೆ ಇಳಿಯುವುದು. ಗದ್ದೆ ರಸ್ತೆಗಿಂತ ಸೊಂಟದಷ್ಟು ಕೆಳಗಿತ್ತು. ಲಾರೆನ್ಸಣ್ಣನ ಕಂಪೌಂಡಿನ ಬದಿಯ ಶೆಡ್ಡಿನಲ್ಲಿ ಯಮನೂರಪ್ಪ ಎಂಬವನು ಹೆಂಡತಿಯೊಂದಿಗೆ ಇದ್ದ. ಬಾಗಲಕೋಟೆ ಕಡೆಯಿಂದ ಕಟ್ಟಡದ ಕೆಲಸಕ್ಕೆ ಬಂದವರು. ಮಾಸ್ಟ್ರು ಅವರಿಬ್ಬರಿಂದ ಕೆಂಪುಕಲ್ಲಿನ ಹುಡಿ ಹಾಕಿಸಿ, ನೀರು ಹೊಡೆಸಿ, ಇಳಿಜಾರು ಮಾಡಿಸಿದರು. ಮಾಡಿಸಿದ ಮೇಲೆ, “ಒಮ್ಮೆ ನೋಡುವಾ” ಎಂದು ಸುಧಾಕರನ ಹಳೆಯ ಕುರ್ಚಿಯಲ್ಲಿ ತಾವೇ ಕೂತರು.

“ಸರ, ಭಾಳ ಕಡಿದ ಆಗೇತ್ರಿ, ತಡೀರಿ” ಎಂದು ಯಮನೂರಪ್ಪ ಕೂಗುವುದರೊಳಗೆ ಕುರ್ಚಿ ಹೊರಟಾಗಿತ್ತು. ಗದ್ದೆಯ ಬದಿಯಲ್ಲಿ ಲಾರೆನ್ಸಣ್ಣನ ಬೈಹುಲ್ಲಿನ ರಾಶಿ ಇದ್ದದ್ದು ನಮ್ಮ ಪುಣ್ಯ. ಅದರೊಳಗಿಂದ ಬಿಳಿ ಶೂಗಳೆರಡು ಮಾತ್ರ ಕಾಣುತ್ತಿದ್ದವು. ಸುಧಾಕರ ನಕ್ಕದ್ದೆಂದರೆ, ಅಪಘಾತವಾದ ಮೇಲೆ ಅವನು ಹಾಗೆ ನಕ್ಕದ್ದನ್ನು ನಾನು ನೋಡಿರಲಿಲ್ಲ. ಅಮ್ಮ ಒಳಗಿಂದ ಓಡಿ ಬಂದಳು, ಮಗನಿಗೆ ಏನಾಯಿತೆಂದು.

ಮಾಸ್ಟ್ರು ತಲೆಯಿಂದ ಹುಲ್ಲು ಕೊಡಹಿ ಎದ್ದು, “ಉದ್ದ ಮಾಡಬೇಕು” ಎಂದರು. ಇಳಿಜಾರು ಮೊದಲಿನ ಮೂರು ಪಾಲು ಉದ್ದವಾಯಿತು. ಗದ್ದೆಯ ಮೆದು ಮಣ್ಣಿನಲ್ಲಿ ಗಾಲಿ ಹೂತುಹೋಗುತ್ತಿತ್ತು. ಅದಕ್ಕೆ ಶಾಲೆಯಿಂದ ಕ್ರಿಕೆಟ್ ಆಡುವ ತೆಂಗಿನ ನಾರಿನ ಮ್ಯಾಟ್ ತರಿಸಿ ಮಂಟಪದವರೆಗೆ ಹಾಸಿದರು. ವೇದಿಕೆ ಇಲ್ಲ, ಮಂಟಪ ನೆಲಮಟ್ಟಕ್ಕೇ. ಕೋಲು ಊರಿ ಬರುವ ಮುದುಕರೂ ಹತ್ತಿರ ಬಂದು ಸೇಸೆಯ ಅಕ್ಕಿ ಹಾಕಬಹುದು. ಮದುಮಗಳಿಗೆ ಮಣೆ ಬೇಡ, ಗಾಲಿಕುರ್ಚಿಯಷ್ಟೇ ಎತ್ತರದ ಆಸನ. ಎಲ್ಲವನ್ನೂ ಅವರು ನಡೆದು ನೋಡಿ, ಕೂತು ನೋಡಿ ನಿರ್ಧರಿಸಿದರು.

ಮಂಟಪಕ್ಕೆ ಸುತ್ತು ಬರುವುದನ್ನು ಅಭ್ಯಾಸ ಮಾಡಿಸುವಾಗ ಒಂದು ತೊಡಕು ಬಂತು. ಮದುಮಗ ಮದುಮಗಳ ಕೈ ಹಿಡಿದು ಸುತ್ತಬೇಕು. ಕೈ ಹಿಡಿದರೆ ಗಾಲಿ ತಿರುಗಿಸುವುದು ಹೇಗೆ? ಯಾರಾದರೂ ಹಿಂದಿನಿಂದ ನೂಕಲಿ ಎಂದಳು ಅಮ್ಮ. ಸುಧಾಕರನ ಮುಖ ಗಟ್ಟಿಯಾಯಿತು. ಮಾಸ್ಟ್ರು ಕೆನ್ನೆ ಉಜ್ಜಿಕೊಂಡರು. ಆಗ ಪ್ರಮೀಳಾ ಮುಂದೆ ಬಂದಳು.

“ಇವರು ನನ್ನ ಕೈ ಹಿಡಿಯುವುದು ಬೇಡ ಸರ್. ನಾನೇ ಇವರ ಹೆಗಲ ಮೇಲೆ ಕೈ ಇಡ್ತೇನೆ. ಆಗದಾ?”

“ಯಾಕೆ ಆಗುವುದಿಲ್ಲ?” ಎಂದರು ಮಾಸ್ಟ್ರು. “ಇದು ನನಗೆ ಹೊಳೆಯಲಿಲ್ಲ ನೋಡು.”

ಅವರಿಗೆ ಹೊಳೆಯದ ಇನ್ನೊಂದು ವಿಷಯವಿತ್ತು. ಎಲ್ಲ ಗೆರೆ ಎಳೆದು ಮುಗಿದ ಮೇಲೆ ನಾನು ಕೇಳಿದೆ: “ಸರ್, ಹೆಂಗಸರಿಗೆ ಎಲ್ಲಿ?”

“ಎಂತ ಹೆಂಗಸರಿಗೆ?”

“ಬೆಳಿಗ್ಗೆಯಿಂದ ಸಂಜೆವರೆಗೆ ಕೂತವರು ಎಲ್ಲಿಗೆ ಹೋಗಬೇಕು?”

ಅವರು ಕೈಯಲ್ಲಿದ್ದ ಸುಣ್ಣದ ಬುಟ್ಟಿಯನ್ನು ನೆಲಕ್ಕಿಟ್ಟರು. “ಅಷ್ಟು ವರ್ಷ ಕ್ರೀಡಾಕೂಟ ಮಾಡಿಸಿದೆನಲ್ಲ ಮಾರಾಯ್ತಿ. ಆವಾಗ ನೀವೆಲ್ಲ ಎಲ್ಲಿಗೆ ಹೋಗ್ತಿದ್ದದ್ದು?”

“ಎಲ್ಲಿಗೂ ಇಲ್ಲ ಸರ್. ಬೆಳಿಗ್ಗೆಯಿಂದ ನೀರು ಕುಡಿಯುತ್ತಿರಲಿಲ್ಲ.”

ನೀರು ಕುಡಿಯದೆ ಬಿಸಿಲಿಗೆ ತಲೆ ತಿರುಗಿ ಬಿದ್ದ ಹುಡುಗಿಯರನ್ನು ಅವರು ಎಷ್ಟು ಸಲ ಬೈದಿದ್ದರೋ. ಮರುದಿನ ಲಾರೆನ್ಸಣ್ಣನ ಮನೆಯ ಬದಿಯಲ್ಲಿ ಮಡಲು ಕಟ್ಟಿದ ಎರಡು ಕೋಣೆಗಳು ಎದ್ದವು. ಒಂದರ ಬಾಗಿಲು ಗಾಲಿಕುರ್ಚಿ ನುಗ್ಗುವಷ್ಟು ಅಗಲ. ಅದನ್ನು ತೋರಿಸಿ ನನ್ನ ಹತ್ತಿರ, “ನೀನು ಒಮ್ಮೆ ನೋಡು. ಸರಿ ಇಲ್ಲದಿದ್ದರೆ ಹೇಳು, ನಾಚಬೇಡ” ಎಂದರು. ಆ ಬಾಯಿಂದ ಕ್ಷಮೆಯ ಮಾತು ನನ್ನ ಕಿವಿಗೆ ಬಿದ್ದದ್ದು ಅದೊಂದೇ ಸಲ, ಅದೂ ಹೀಗೆ.

ಮದುವೆಗೆ ಒಂದು ವಾರ ಇರುವಾಗ ಪ್ರಮೀಳಾಳ ಅಪ್ಪ ಜೀಪಿನಲ್ಲಿ ಬಂದರು. ಥರ್ಮೊಕೋಲಿನಲ್ಲಿ ಕೊರೆದ ಇಬ್ಬರ ಹೆಸರು, ಮಿರಮಿರ ಮಿಂಚುವ ಹುಡಿ, ಪ್ಲಾಸ್ಟಿಕ್ ಹೂವಿನ ಮಾಲೆಗಳು, ಪ್ಲಾಸ್ಟಿಕ್ ಲೋಟದ ಕಟ್ಟುಗಳು. ಮಾಸ್ಟ್ರು ನೋಡಿದ್ದೇ ಶುರು ಮಾಡಿದರು. ಇದನ್ನು ಈ ಗದ್ದೆಗೆ ಇಳಿಸಬೇಡಿ, ಬಂದ ದಾರಿಯಲ್ಲೇ ತೆಗೆದುಕೊಂಡು ಹೋಗಿ ಎಂದು ರಸ್ತೆಯವರಿಗೆಲ್ಲ ಕೇಳುವ ಹಾಗೆ. ಹೆಣ್ಣಿನ ತಂದೆಯ ಹತ್ತಿರ ಹಾಗೆ ಮಾತಾಡುವುದುಂಟೇ? ನನ್ನ ಅಮ್ಮ ಹೆದರಿ ಮಾಸ್ಟ್ರ ಶರ್ಟು ಹಿಡಿದೆಳೆದಳು.

ಆ ಮನುಷ್ಯ ತಿರುಗಿ ಬೈಯಲಿಲ್ಲ. ಜೀಪಿನ ಬಾಗಿಲು ಹಿಡಿದುಕೊಂಡು ನಿಂತರು. “ಮಾಸ್ಟ್ರೇ, ನೀವು ಬೈಯಿರಿ, ಅಡ್ಡಿಯಿಲ್ಲ. ನನ್ನ ಕಡೆಯವರು ಬಂದು ಮೊದಲು ನೋಡುವುದು ಹುಡುಗನ ಕಾಲನ್ನು. ಅವರ ಕಣ್ಣಿಗೆ ಬೇರೆ ಎಂತದ್ದಾದರೂ ಚಂದ ಕಾಣಲಿ ಅಂತ ತಂದೆ.”

ಮಾಸ್ಟ್ರು ಅವರ ಹತ್ತಿರ ಹೋಗಿ ಹೇಳಿದರು: “ಚಂದ ಬೇಕು, ಅದು ಸರಿ. ನಿಮ್ಮ ಕಡೆ ಅಡಕೆಯ ಹಿಂಗಾರ ಸಿಗ್ತದಲ್ವಾ? ಮಂಟಪಕ್ಕೆ ಬೇಕಾದಷ್ಟು ಹಿಂಗಾರ ನೀವು ತನ್ನಿ. ನೀವೇ ನಿಂತು ಕಟ್ಟಿಸಿ. ನನಗೆ ಆ ಕೆಲಸ ಬರುವುದಿಲ್ಲ, ನಾನು ಕಟ್ಟಿಸಿದರೆ ಗೋಲ್ ಪೋಸ್ಟಿನ ಹಾಗೆ ಕಾಣ್ತದೆ.”

ಅಷ್ಟು ದಿನಗಳಲ್ಲಿ ಮೊದಲ ಸಲ ಆ ಮನುಷ್ಯ ನಕ್ಕರು. ಥರ್ಮೊಕೋಲು ಜೀಪಿನಲ್ಲೇ ವಾಪಸು ಹೋಯಿತು.

ಅಜ್ಜಿ ಮಾತ್ರ ಮದುವೆಗೆ ಬರುವುದಿಲ್ಲ ಎಂದರು. ಹಿಂದಿನ ಮದುವೆಯೊಂದರಲ್ಲಿ ಅವರನ್ನು ಹಾಲಿನ ಮೂಲೆಯ ಕುರ್ಚಿಯಲ್ಲಿ ಕೂರಿಸಿ ಎಲ್ಲರೂ ಮರೆತಿದ್ದರಂತೆ. “ಕತ್ತಲೆಯಲ್ಲಿ ಕೂತು ಬ್ಯಾಂಡು ಕೇಳಲಿಕ್ಕೆ ನಾನು ಎಂತಕ್ಕೆ ಬರಬೇಕು? ಮದುವೆಯಾದ ಮೇಲೆ ಫೋನು ಮಾಡಿ ಹೇಳಿ” ಎಂದರು. ಪ್ರಮೀಳಾ ಮಾಸ್ಟ್ರ ಹತ್ತಿರ ಇದನ್ನು ಹೇಳಿ ಕಣ್ಣು ಒರೆಸಿಕೊಂಡಳು. ಮಾಸ್ಟ್ರು ಅಲ್ಲೇ ಬೂತಿನಿಂದ ಕಾರ್ಕಳಕ್ಕೆ ಫೋನು ಹಚ್ಚಿಸಿ, ರಿಸೀವರನ್ನು ಕಿವಿಯಿಂದ ದೂರ ಹಿಡಿದು ಕೂಗಿದರು: “ಅಜ್ಜೀ, ನೀವು ಬನ್ನಿ. ನಡೆಯುವುದನ್ನೆಲ್ಲ ನಾನು ಹೇಳ್ತೇನೆ. ಒಂದೂ ಬಿಡುವುದಿಲ್ಲ.”

ಯಮನೂರಪ್ಪನ ಶೆಡ್ಡಿಗೆ ಹೋಗಿ ಅವರೇ ಮದುವೆಯ ಕಾಗದ ಕೊಟ್ಟು ಬಂದರು, ಸಕುಟುಂಬ ಬರಬೇಕೆಂದು. ಅವನು ಅದನ್ನು ತಿರುಗಿಸಿ ತಿರುಗಿಸಿ ನೋಡಿ, “ಅವತ್ತ ನೀರ ಹೊರೂದು ಐತೇನ್ರಿ ಸರ?” ಎಂದು ಕೇಳಿದನಂತೆ. “ನೀರು ಹೊರಲಿಕ್ಕೆ ಬೇರೆ ಜನ ಉಂಟು ಮಾರಾಯ. ನೀನು ಊಟಕ್ಕೆ ಬರುವುದು” ಎಂದರಂತೆ.

ಮದುವೆಯ ದಿನ ಬೆಳಿಗ್ಗೆ ಚಳಿ ಬಿದ್ದು ಆಕಾಶ ತಿಳಿಯಾಗಿತ್ತು. ಚಪ್ಪರದ ಹಸಿ ಮಡಲಿನ ವಾಸನೆ, ಹಿಂಗಾರದ ವಾಸನೆ. ಪ್ರಮೀಳಾಳ ಅಪ್ಪ ಕಟ್ಟಿಸಿದ ಮಂಟಪವನ್ನು ಬಂದವರೆಲ್ಲ ನಿಂತು ನೋಡುತ್ತಿದ್ದರು. ಅಜ್ಜಿಯನ್ನು ಮಂಟಪದ ಪಕ್ಕದಲ್ಲೇ, ಕೈ ಚಾಚಿದರೆ ಕಂಬ ಸಿಗುವಷ್ಟು ಹತ್ತಿರ ಕೂರಿಸಿದ್ದರು. ಮಾಸ್ಟ್ರು ಬಿಳಿ ಪಂಚೆ ಉಟ್ಟು, ಕಾಲಿಗೆ ಅದೇ ಕ್ಯಾನ್ವಾಸ್ ಶೂ ಹಾಕಿ, ಮೈಕು ಹಿಡಿದು ನಿಂತರು.

“ಅಜ್ಜೀ, ಮದುಮಗ ಈಗ ರಸ್ತೆಯಲ್ಲಿ ಇದ್ದಾನೆ. ಬಿಳಿ ಶರ್ಟು, ಜರಿ ಪಂಚೆ, ಮುಂಡಾಸು. ಇಳಿಜಾರಿಗೆ ಬಂದ. ಹಿಂದೆ ಯಾರೂ ಇಲ್ಲ, ಅವನೇ ಗಾಲಿ ಹಿಡಿದಿದ್ದಾನೆ. ಇಳಿದ. ನಿಧಾನ… ನಿಧಾನ… ಗದ್ದೆಗೆ ಬಂದ!” ಎಂದಾಗ ಕಬಡ್ಡಿಯ ಕಾಮೆಂಟರಿ ಕೇಳಿ ಅಭ್ಯಾಸವಿದ್ದ ಊರಿನ ಹುಡುಗರು ಶಿಳ್ಳೆ ಹಾಕಿದರು. “ಈಗ ಎಡಗಡೆಯಿಂದ ಮದುಮಗಳು. ಹಸಿರು ಸೀರೆ. ತಲೆ ತುಂಬ ಮಲ್ಲಿಗೆ. ಅಳುತ್ತಿಲ್ಲ ಅಜ್ಜಿ, ನಗುತ್ತಾ ಇದ್ದಾಳೆ” ಎಂದರು. ಬಂದವರಲ್ಲಿ ಕೆಲವರು ಇದೆಂತ ಹುಚ್ಚು ಎಂದು ಮುಖ ಮುಖ ನೋಡಿಕೊಂಡರು. ಆದರೆ ಸ್ವಲ್ಪ ಹೊತ್ತಿನಲ್ಲಿ ಹಿಂದೆ ಕೂತು ಏನೂ ಕಾಣದವರೆಲ್ಲ ಕಿವಿ ಕೊಟ್ಟರು. ಮಕ್ಕಳು ಗಲಾಟೆ ನಿಲ್ಲಿಸಿದರು. ಸುಧಾಕರ ಗಾಲಿ ತಿರುಗಿಸುತ್ತ, ಪ್ರಮೀಳಾ ಅವನ ಹೆಗಲ ಮೇಲೆ ಕೈ ಇಟ್ಟು ಮಂಟಪಕ್ಕೆ ಸುತ್ತು ಬಂದದ್ದನ್ನು ಅಜ್ಜಿ ಕಣ್ಣು ಮುಚ್ಚಿ ಕೇಳಿದರು.

ಧಾರೆಯ ಹೊತ್ತು ಬಂತು. ಪ್ರಮೀಳಾಳ ಅಪ್ಪ ನೀರಿನ ಗಿಂಡಿ ಎತ್ತಿಕೊಂಡರು. ವಾದ್ಯ ನಿಂತಿತು. “ಅಜ್ಜೀ, ಈಗ…” ಎಂದರು ಮಾಸ್ಟ್ರು. ಮತ್ತೆ ಸ್ವರ ಬರಲಿಲ್ಲ. ಮೈಕಿನಲ್ಲಿ ಅವರ ಉಸಿರು ಮಾತ್ರ ಕೇಳುತ್ತಿತ್ತು. ಅಷ್ಟು ದೊಡ್ಡ ಸ್ವರದ ಮನುಷ್ಯ ಎಲ್ಲರ ಎದುರು ತುಟಿ ಕಚ್ಚಿಕೊಂಡು ನಿಂತಿದ್ದರು, ಕನ್ನಡಕದ ಕೆಳಗೆ ಕೆನ್ನೆ ಒದ್ದೆಯಾಗಿತ್ತು.

ಅಜ್ಜಿ ಗಾಬರಿಯಿಂದ ಕೈ ಚಾಚಿದರು. “ಎಂತ ಆಯ್ತು ಮಾಸ್ಟ್ರೇ? ಹೇಳಿ, ಎಂತ ಆಯ್ತು?”

ಆಗ ಮಂಟಪದೊಳಗಿಂದ, ಮೈಕಿಲ್ಲದೆ, ಇನ್ನೊಂದು ಸ್ವರ ಬಂತು. ಹತ್ತು ಜನರ ಎದುರು ಮದುವೆ ಮುಗಿಸುವಾ ಎಂದಿದ್ದ ಆ ಅಪ್ಪ, ಗದ್ದೆಯ ಆ ಕೊನೆಗೂ ಕೇಳುವ ಹಾಗೆ ಕೂಗಿದರು:

“ಎಂತದೂ ಆಗಲಿಲ್ಲ ಅಮ್ಮಾ. ನಾನೇ ಇದ್ದೇನೆ. ಪ್ರಮ್ಮಿಯ ಕೈ, ಅಳಿಯನ ಕೈ ಎರಡೂ ಒಟ್ಟಿಗೆ ಉಂಟು. ನೀರು ಎರೆಯುತ್ತಾ ಇದ್ದೇನೆ… ಎರೆದೆ ಅಮ್ಮಾ!”

ಗದ್ದೆಯಿಡೀ ಅಕ್ಕಿಕಾಳು ಹಾರಿತು. ಅಳಿಯ ಎಂಬ ಮಾತು ಅವರ ಬಾಯಿಂದ ಬಂದದ್ದು ಅದೇ ಮೊದಲು. ಸುಧಾಕರ ತಲೆ ತಗ್ಗಿಸಿದ್ದ, ಮುಂಡಾಸಿನ ತುದಿ ನಡುಗುತ್ತಿತ್ತು.

ಊಟದ ಮೊದಲ ಸಾಲಿನಲ್ಲಿ ಯಮನೂರಪ್ಪನ ಹೆಂಡತಿ ಇಳಕಲ್ ಸೀರೆ ಉಟ್ಟು ಪ್ರಮೀಳಾಳ ಚಿಕ್ಕಮ್ಮನ ಪಕ್ಕ ಕೂತಿದ್ದಳು. ಚಿಕ್ಕಮ್ಮ ಮೊದಲು ಸ್ವಲ್ಪ ಬಿಗಿಯಾಗಿದ್ದರು. ಆ ಮೇಲೆ ಆ ಸೀರೆಯ ಸೆರಗು ಮುಟ್ಟಿ ಎಲ್ಲಿಯದ್ದೆಂದು ವಿಚಾರಿಸತೊಡಗಿದರು. ಊಟ ಮುಗಿದು ನೆಂಟರು ಹೊರಟ ಮೇಲೆ ಮಾಸ್ಟ್ರು ಉಳಿದವರನ್ನೆಲ್ಲ ಗದ್ದೆಯ ಒಂದು ಬದಿಯಲ್ಲಿ ಸಾಲಾಗಿ ನಿಲ್ಲಿಸಿದರು. ಆ ಬದಿಯಿಂದ ಈ ಬದಿಗೆ ಬಗ್ಗಿಕೊಂಡು ನಡೆದು ಕಸ ಹೆಕ್ಕಿದೆವು. ಎಲೆಯೆಲ್ಲ ಲಾರೆನ್ಸಣ್ಣನ ದನದ ಹಟ್ಟಿಗೆ ಹೋಯಿತು. ಆದರೂ ಹೂಡುವಾಗ ಯಾರದೋ ಸೋಡಾ ಬಾಟಲಿಯ ಮುಚ್ಚಳ ಒಂದು ಸಿಕ್ಕಿತು. ಲಾರೆನ್ಸಣ್ಣ ಅದನ್ನು ಕಾಗದದಲ್ಲಿ ಕಟ್ಟಿ ಕೆಮ್ಮಣ್ಣಿಗೆ ಹೋಗಿ ಮಾಸ್ಟ್ರ ಕೈಗೆ ಕೊಟ್ಟು, ಹೇಳಿದ ಹಾಗೆ ಹೆಸರು ಹಿಡಿದು ಬೈದು, ಅಲ್ಲೇ ಊಟ ಮಾಡಿ ಬಂದ.

ಮಾಸ್ಟ್ರ ಕೊನೆಯ ವರ್ಷಗಳಲ್ಲಿ ಅವರಿಗೆ ಹೃದಯದ ತೊಂದರೆ ಇತ್ತು. ಯಾರ ಮನೆಯಲ್ಲಿ ಮದುವೆಯಾದರೂ ಜಾಗ ನೋಡಲು ಅವರನ್ನು ಕರೆಯುತ್ತಿದ್ದರು. ಅವರೂ ಬೈಯುತ್ತ ಹೋಗುತ್ತಿದ್ದರು. ತೀರಿಕೊಂಡದ್ದು ನಿದ್ದೆಯಲ್ಲಿ.

ಉತ್ತರಕ್ರಿಯೆ ಕಳೆದು ಒಂದು ಭಾನುವಾರ ನಾನು, ಸುಧಾಕರ, ಪ್ರಮೀಳಾ ಕೆಮ್ಮಣ್ಣಿಗೆ ಹೋದೆವು. ಮಳೆ ನಿಂತು ಹೊಳವಾಗಿತ್ತು. ಮಾಸ್ಟ್ರ ಹೆಂಡತಿ ಅಂಗಳಕ್ಕೇ ಚಾಪೆ ತಂದು ಹಾಸಿ, ಸುಧಾಕರನ ಕುರ್ಚಿಯ ಬದಿಯಲ್ಲಿ ಕೂತರು. ಅವರು ಕಡಿಮೆ ಮಾತಿನವರು. ಗಂಡನ ಸ್ವರದ ಎದುರು ಅವರ ಸ್ವರವನ್ನು ನಾವು ಸರಿಯಾಗಿ ಕೇಳಿಸಿಕೊಂಡದ್ದೇ ಇರಲಿಲ್ಲ. ಪ್ರಮೀಳಾ ಮದುವೆಯ ದಿನದ ಮಾತೆತ್ತಿ, “ಅವತ್ತು ಸರ್ ಇದ್ದರು ಅಂತ ನಮಗೆಲ್ಲ ಧೈರ್ಯ” ಎಂದಳು.

“ಧೈರ್ಯವಾ?” ಎಂದರು ಅವರು. “ಅವತ್ತು ಬೆಳಿಗ್ಗೆ ಅವರು ಕಾಫಿ ಮುಟ್ಟಲಿಲ್ಲ. ಹೊರಟವರು ಎರಡು ಸಲ ಬಾಗಿಲಿನಿಂದ ಹಿಂದೆ ಬಂದು ಕೂತರು. ‘ನಾನು ಹೇಳಿದೆ ಅಂತ ಎಲ್ಲ ಮಾಡಿದ್ದಾರೆ. ಎಲ್ಲಿಯಾದರೂ ತಪ್ಪಿ ಅಷ್ಟು ಜನರ ಎದುರು ಅವನು ಬಿದ್ದರೆ, ಆ ಹುಡುಗ ಇನ್ನು ಮನೆಯಿಂದ ಹೊರಗೆ ಬರುವುದಿಲ್ಲ. ನಾನು ಹೋಗುವುದಿಲ್ಲ’ ಅಂದರು. ನಾನೇ ಜೋರು ಮಾಡಿ ಕಳಿಸಿದ್ದು.”

ಸುಧಾಕರ ಅವರನ್ನೇ ನೋಡುತ್ತಿದ್ದ. “ನಾನೂ ಹೆದರಿದ್ದೆ ಅಮ್ಮ” ಎಂದ. “ರಸ್ತೆಯಿಂದ ಕೆಳಗೆ ನೋಡಿದಾಗ ಗಾಲಿ ತಿರುಗಿಸಲಿಕ್ಕೆ ಕೈ ಬರಲಿಲ್ಲ. ವಾಪಸು ಹೋಗುವಾ ಅಂತ ಇತ್ತು. ಕೆಳಗೆ ಮೈಕು ಹಿಡಿದು ನಿಂತಿದ್ದರಲ್ಲ, ಅವರ ಮುಖ ನೋಡಿ ಇಳಿದೆ.”

ಅವರು ಚಾಪೆಯಿಂದ ಕೈ ಚಾಚಿ ಅವನ ಮೊಣಕೈ ಹಿಡಿದರು.

“ಮನೆಗೆ ಬಂದು ಅವರೂ ಇದನ್ನೇ ಹೇಳಿದ್ದು ಮಗಾ. ಮೇಲೆ ನಿಂತಿದ್ದ ನಿನ್ನ ಮುಖ ನೋಡಿ ಧೈರ್ಯ ಬಂತಂತೆ.”